ಟೇಪಿನ ಸೊನ್ನೆ ತುದಿ

ಟೇಪಿನ ಸೊನ್ನೆ ತುದಿ ಹಿಡಿಯುವುದು ನನ್ನ ಕೆಲಸ.
ಹನ್ನೊಂದು ವರ್ಷದಿಂದ ಅದೇ ತುದಿ.
ಆ ಕಡೆಯಲ್ಲಿ ಅಂಕಿ ಇರುತ್ತದೆ, ಓದುವವರು ಇರುತ್ತಾರೆ,
ಬರೆದುಕೊಳ್ಳುವವರು ಇರುತ್ತಾರೆ.
ಈ ಕಡೆ ನಾನು, ಹೆಬ್ಬೆರಳಡಿ ಒಂದು ಮೊಳೆ.

ಮೊದಲು ಎಣಿಸಿದೆವು.
ಹಾಸನದ ಸಂತೇಪೇಟೆ ತಿರುವಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು
ಮೂರು ದಿನ ಗೀಟು ಎಳೆದದ್ದೇ ಎಳೆದದ್ದು,
ನಾಲ್ಕು ನೆಟ್ಟಗೆ, ಐದನೆಯದು ಅಡ್ಡ.
ಬಸ್ಸಿಗೆ ಮೂರು ಲೆಕ್ಕ, ಆಟೋಕ್ಕೆ ಒಂದು, ಸೈಕಲ್ಲಿಗೆ ಅರ್ಧ,
ಎತ್ತಿನಗಾಡಿಗೆ ಎಂಟು. ಒಂದೂ ಬರಲಿಲ್ಲ.
ನಡೆದು ಹೋಗುವವರಿಗೆ ಆ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ.
ಎರಡನೇ ದಿನ ನನ್ನ ಹೆಂಡತಿಯೇ ಕೊತ್ತಂಬರಿ ಕಟ್ಟು ಹಿಡಿದು
ಎದುರಿಗೇ ಹಾದು ಹೋದಳು, ಲೆಕ್ಕಕ್ಕೆ ಸಿಗದೆ.

ರಸ್ತೆ ಬೇಡ ಅನ್ನುತ್ತಿಲ್ಲ ನಾನು.
ಆಲೂಗಡ್ಡೆ ಲಾರಿಯ ಹಿಂದೆ ಅರಸೀಕೆರೆ ಬಸ್ಸು,
ಬಸ್ಸಿನ ಹಿಂದೆ ಕೂಗಿ ಕೂಗಿ ಗಂಟಲು ಕಟ್ಟಿದ ಆಂಬುಲೆನ್ಸು.
ಒಳಗೆ ಯಾರೋ ಡ್ರಿಪ್ ಬಾಟಲಿ ಎತ್ತಿ ಹಿಡಿದಿದ್ದರು,
ಹದಿನೇಳು ನಿಮಿಷ ಆ ಕೈ ಇಳಿಯಲಿಲ್ಲ.
ಅದಕ್ಕೂ ಒಂದೇ ಗೀಟು ಎಳೆದೆ.

ಆಮೇಲೆ ಬಂತು ನಡುವಿನ ತಕರಾರು.
ನಡುವಿನಿಂದ ಅತ್ತ ಹನ್ನೆರಡು ಮೀಟರು, ಇತ್ತ ಹನ್ನೆರಡು ಮೀಟರು.
ಸರಿ, ನಡು ಎಲ್ಲಿ?
ಹಳೇ ನಕ್ಷೆಯಲ್ಲಿ ಒಂದು ಕಡೆ, ಡಾಂಬರಿನ ಮೇಲೆ ಇನ್ನೊಂದು ಕಡೆ.
ಜವಳಿ ಅಂಗಡಿ ಧರಣೇಂದ್ರಯ್ಯನವರು ತೋರಿಸುವ ನಡು
ಎದುರು ಸಾಲಿನ ಮೆಟ್ಟಿಲ ಮೇಲೆ,
ಎದುರು ಸಾಲಿನವರದ್ದು
ಧರಣೇಂದ್ರಯ್ಯನವರ ಗಲ್ಲಾಪೆಟ್ಟಿಗೆಯ ಬುಡದಲ್ಲಿ.
ನಿವೇದಿತಾ ಮೇಡಂ ಎಲ್ಲ ಕೇಳಿಸಿಕೊಂಡು, ಛತ್ರಿ ಮಡಿಸಿ
ಮೊನೆಯಿಂದ ಒಂದು ಜಾಗ ಕುಟ್ಟಿ ತೋರಿಸಿದರು.
ಹೊಡೆದೆ ಮೊಳೆ.
ಅವತ್ತಿನಿಂದ ಊರಿಗೆ ಅದೇ ನಡು.

ಕೆಂಪು ಬಣ್ಣದ ಡಬ್ಬ ಚೌಡಪ್ಪನ ಕೈಯಲ್ಲಿ.
ಹೋಟೆಲಿನ ಕೈತೊಳೆಯುವ ಜಾಗ, ರಕ್ತ ಪರೀಕ್ಷೆಯವರ ಅರ್ಧ ಬಾಗಿಲು,
ಬೇಕರಿಯ ಗಾಜು, ಅದರ ಹಿಂದಿನ ಕೇಕಿನ ಮೇಲೂ ಒಂದು ಹನಿ.
"ಕತ್ತರಿಸ್ರಪ್ಪಾ" ಅಂದರು ಟೈಲರ್ ಯಶೋದಮ್ಮ ಮಿಷನ್ ನಿಲ್ಲಿಸದೆ,
"ಹೊಲಿಗೆಗೆ ಅಂತ ಅರ್ಧ ಇಂಚಾದ್ರೂ ಬಿಡಿ."

ವಾಚು ರಿಪೇರಿ ಜಬೀವುಲ್ಲಾ ಅವರದ್ದು ಅಂಗಡಿಯೇ ಅಲ್ಲ,
ಎರಡು ಕಟ್ಟಡ ಮರೆತುಬಿಟ್ಟ ಸಂದು.
ಐದಡಿ ಆಳ, ಮಡಚಿದ ಎರಡು ಮೊಣಕಾಲಿನಷ್ಟು ಅಗಲ.
ಚೌಡಪ್ಪ ಎಡದ ಮಳಿಗೆಯಲ್ಲಿ ಬಳಿದ, ಬಲದ ಮಳಿಗೆಯಲ್ಲಿ ಬಳಿದ,
ಮುಂದಕ್ಕೆ ಹೋದ.
ಕಣ್ಣಿಗೆ ಕಚ್ಚಿಸಿದ್ದ ಮಸೂರ ತೆಗೆಯದೆ ತಲೆ ಎತ್ತಿದರು:
"ನಮ್ದಕ್ಕೆ ಗುರುತಿಲ್ವಾ?"
"ಇಲ್ಲ" ಅಂದೆ. ಸುಳ್ಳಲ್ಲ.

"ಸಣ್ಣದಾಗಿರೋದೇ ವಾಸಿ ಕಣಣ್ಣ, ಯಾರ ಕಣ್ಣಿಗೂ ಬೀಳಲ್ಲ"
ಎಂದು ಎದ್ದು ನಿಂತು ನಕ್ಕರು.
ನಿಂತಾಗ ಅವರ ಬೆನ್ನು ಹಿಂದಿನ ಗೋಡೆಗೆ ತಾಗಿತು.
ಆ ಗೋಡೆಯ ಆಚೆ ಹಿತ್ತಿಲು, ಹಿತ್ತಿಲಲ್ಲಿ ನೀರಿನ ಸಂಪು,
ಸಂಪಿನ ಮುಚ್ಚಳದ ಮೇಲೆ ನಮ್ಮ ಹನ್ನೆರಡನೇ ಮೀಟರು.
ಉಳಿಯುವುದೇನಾದರೂ ಇದ್ದರೆ ತಾನೆ ಗೆರೆ.

ನಾಲ್ಕು ಟೀ ಬಂತು, ಕೇಳದೆಯೇ ಬೆಣ್ಣೆ ಬನ್ನೂ ಬಂತು.
ರಸ್ತೆ ಅಗಲವಾದರೆ ಜನ ಜಾಸ್ತಿ, ಜನ ಜಾಸ್ತಿಯಾದರೆ
ನಿಂತುಹೋದ ವಾಚೂ ಜಾಸ್ತಿ ಅಂತ ಅವರ ಲೆಕ್ಕ.
ಹೊಸ ಬೋರ್ಡು ಬರೆಸಬೇಕಂತೆ, ರಾತ್ರಿ ಹೊತ್ತೂ ಕಾಣುವಂಥದ್ದು.
ಚೌಡಪ್ಪ ನನ್ನ ಮುಖ ನೋಡಿದ,
ನಾನು ಟೀ ನೋಡಿದೆ.
ಮೇಡಂ ಅಷ್ಟು ದೂರದಲ್ಲಿ, ಅಂಕಿಯ ಕಡೆ.

ಹೊರಡುವಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.
"ನಾಲ್ಕು ನಿಮಿಷ ಹಿಂದಿದೆಯಲ್ಲ ಸ್ವಾಮಿ, ಸರ್ಕಾರಿ ಟೈಮಾ?"
ಬಿಚ್ಚಿ, ಊದಿ, ಏನೋ ಮುಟ್ಟಿ, ಮತ್ತೆ ಕಟ್ಟಿದರು.
ಕಾಸು ಹಿಡಿದರೆ ಕೈ ಹಿಂದಕ್ಕೆಳೆದುಕೊಂಡರು.

ಸಂಜೆ ಟೇಪು ಸುತ್ತಿದೆ.
ಬೀದಿಯ ಧೂಳು ಬಟ್ಟೆಗೆ ಒರೆಸಿಕೊಳ್ಳುತ್ತಾ ಒಳಸೇರಿತು,
ಎಲ್ಲ ಮುಗಿದ ಮೇಲೆ ಸೊನ್ನೆ.
ಎಷ್ಟು ಗಂಟೆ ಅಂತ ಕೇಳಿದ ಚೌಡಪ್ಪ.
ನೋಡಿ ಹೇಳಿದೆ, ಆರೂ ಇಪ್ಪತ್ತು.
ಸರಿಯಾಗಿಯೇ ಇತ್ತು.