ಹಲಗೆಗಿಂತ ತುಸು ಹೆಚ್ಚು

ಟೋಯ್ ಬಂದವನು ಕುಶಲವನ್ನೂ ಕೇಳಲಿಲ್ಲ.
ಗಿಟಾರನ್ನು ಮೇಜಿನ ಮೇಲೆ ಮಲಗಿಸಿ
ಎಡಗೈ ಬಿಚ್ಚಿ ತೋರಿಸಿದ:
ತೋರುಬೆರಳ ಬುಡದ ಬದಿಗೆ ಕೆಂಪು ಗೀರು,
ಒಂದಲ್ಲ, ನಾಲ್ಕು.
"ನಿನ್ನ ಆರನೇ ಮೆಟ್ಟು ಕಚ್ಚುತ್ತದೆ, ಝುಲೈಕಾ.
ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ
ಮೀನು ಕೊಯ್ದ ಕೈ ಇದು.
ಯಾವ ಚಾಕುವೂ ಇಷ್ಟು ಮಾಡಿರಲಿಲ್ಲ."

ನಾನೊಬ್ಬಳೇ ಮಾಡಿದ ಮೊದಲ ಕೆಲಸ ಅದು.
ಮೇಷ್ಟ್ರು ಅರ್ಮಿಂದು ಒಳಗಿದ್ದರು, ಕೇಳಿಸಿಕೊಂಡರು,
ಕೆಮ್ಮಿದರು, ಅಷ್ಟೆ.

ಮಿಂಡೆಲೊದ ಗಾಳಿಗೆ ಉಪ್ಪಿನ ಹಲ್ಲು.
ಮರ ಒಣಗಿ ಸೆಟೆಯುತ್ತದೆ, ತಂತಿ ತುಕ್ಕು ಹಿಡಿಯುತ್ತದೆ,
ದೂರು ಹೊರಿಸಲು ಗಾಳಿ ಯಾವಾಗಲೂ ಇದೆ ಇಲ್ಲಿ.
ನಾಲಿಗೆ ತುದಿಯವರೆಗೆ ಬಂದಿತ್ತು ಆ ಮಾತು.
ಅಷ್ಟರಲ್ಲಿ ಮೆಟ್ಟಿನ ತುದಿಯಡಿ ನನ್ನ ಉಗುರು ತೂರಿತು.
ಗಾಳಿ ಮಾಡಿದ್ದಲ್ಲ ಅದು.

ಟ್ಯೂನಾ ಡಬ್ಬಿಯ ಮುಚ್ಚಳಗಳಲ್ಲಿ ಮೇಷ್ಟ್ರು ಕತ್ತರಿಸಿದ ಅಚ್ಚುಗಳು
ಗೋಡೆಯ ಮೊಳೆಗೆ ನೇತಾಡುತ್ತವೆ, ಒಂದೊಂದಕ್ಕೂ ಒಂದೊಂದು ಬಾಗು:
ಒಂಬತ್ತೂವರೆ ಇಂಚು, ಹತ್ತು, ಹನ್ನೆರಡು, ಹದಿನಾರು.
ಹನ್ನೆರಡೆಂದರೆ, ಹನ್ನೆರಡಿಂಚು ದಾರ ಕಟ್ಟಿ ತಿರುಗಿಸಿದ ವೃತ್ತದ
ಮೂರು ಬೆರಳಗಲದ ತುಣುಕು.
ಕಣ್ಣಿಗೆ ಅದು ಬಾಗೇ ಅಲ್ಲ.
ಬೆರಳಿಗೆ ಗೊತ್ತು.

ಅಚ್ಚನ್ನು ಹಲಗೆಗೆ ಒತ್ತಿ ಕಿಟಕಿಯತ್ತ ಹಿಡಿದೆ.
ಬೆಳಕು ನುಸುಳಲಿಲ್ಲ; ಹಲಗೆ ಹನ್ನೆರಡೇ.
ತಂತಿಯನ್ನೂ ಹನ್ನೆರಡಕ್ಕೇ ಬಗ್ಗಿಸಿದ್ದೆನಲ್ಲ,
ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ,
ಆ ಹೆಮ್ಮೆಗೆ ಅಂದು ರಾತ್ರಿ ಎರಡು ಐಸ್‌ಕ್ರೀಮ್ ತಿಂದಿದ್ದೆ.

"ಅದೇ ತಪ್ಪು," ಎಂದರು ಒಳಗಿನಿಂದ.
"ಸುತ್ತಿಗೆ ಎಲ್ಲಿ ಬೀಳುತ್ತದೆ? ನಡುವೆ.
ಬಿದ್ದ ಕಡೆ ತಗ್ಗಿ, ತುದಿ ಎರಡೂ ಏಳುತ್ತವೆ.
ಪೆಟ್ಟು ತಿಂದದ್ದು ನೆಟ್ಟಗಾಗಲು ನೋಡುತ್ತದೆ ಮಗೂ.
ಹಲಗೆಗಿಂತ ತುಸು ಹೆಚ್ಚು ಬಗ್ಗಿಸು.
ತುದಿಗಳು ಮೊದಲು ಹಿಡಿದುಕೊಳ್ಳಲಿ,
ನಡುವಿಗೆ ಆಮೇಲೆ ಹೊಡೆ.
ಅದು ಇಳಿಯುತ್ತ ತುದಿಗಳನ್ನು ಆಚೀಚೆ ನೂಕಿ
ಸೀಳಿನ ಗೋಡೆಗೆ ಹಲ್ಲೂರಿ ಕೂರುತ್ತದೆ."

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅನ್ನುವರು.
ಇಲ್ಲಿ ಮರ ಬಗ್ಗಬೇಕಾಗಿಯೇ ಇಲ್ಲ.
ಅದು ತನ್ನ ಪಾಡಿಗೆ ಕೂತಿರುತ್ತದೆ, ಅತ್ತೆಯ ಹಾಗೆ.

ಹತ್ತೊಂಬತ್ತೂ ಕಿತ್ತೆ.
ಬೆಸುಗೆ ಕಡ್ಡಿಯಿಂದ ಬಿಸಿ ಮುಟ್ಟಿಸಿ, ಇಕ್ಕಳದ ಬಾಯಿ ಮೆಲ್ಲಗೆ ಮುಚ್ಚಿ,
ಹಲ್ಲು ಕೀಳುವವರ ಹಾಗೆ ಉಸಿರು ಬಿಗಿಹಿಡಿದು.
ಎಂಟನೆಯದು ಕರಿಮರದ ಚಕ್ಕೆಯನ್ನೂ ಎತ್ತಿಕೊಂಡೇ ಬಂತು.
ಬೈದೆ. ಅಂಟು ಬಿಟ್ಟು, ಅದೇ ಮರದ ಪುಡಿ ತುಂಬಿ ಒತ್ತಿದೆ.

ಮೂರು ಗಾಲಿಯ ಯಂತ್ರ, ಕೆಳಗೆರಡು ಮೇಲೊಂದು,
ಯಾರದೋ ಸೈಕಲ್ಲಿನ ಬೇರಿಂಗುಗಳಿಂದ ಕಟ್ಟಿದ್ದು.
ತಿರುಪು ಅರ್ಧ ಸುತ್ತು ಬಿಗಿದೆ, ತಂತಿ ತೂರಿಸಿ ಹಿಡಿಕೆ ತಿರುವಿದೆ.
ಹಲಗೆಯ ಮೇಲಿಟ್ಟರೆ ಇನ್ನೂ ಅಂಟಿಕೊಂಡೇ ಇದೆ.
ಕಾಲು ಸುತ್ತು.
ಇನ್ನೂ ಕಾಲು. ಹತ್ತು ಇಂಚು, ಸರಿಸುಮಾರು.
ಆಗ ನಡುವಿನಡಿ ಬೆಳಕಿನ ಎಳೆಯೊಂದು ಕಂಡಿತು,
ಕತ್ತರಿಸಿದ ಉಗುರಿನಷ್ಟು ತೆಳ್ಳಗೆ.
ಹೋದ ಸಲ ಇಂಥ ಬೆಳಕು ಕಂಡಿದ್ದರೆ
ತಂತಿಯನ್ನು ಎಸೆದುಬಿಡುತ್ತಿದ್ದೆ.

ಹಿತ್ತಾಳೆ ಸುತ್ತಿಗೆ. ಆ ತುದಿ, ಈ ತುದಿ, ಕೊನೆಗೆ ನಡು.
ಕೂತಾಗ ಸದ್ದು ಬೇರೆ:
ಟಣ್ ಅನ್ನುತ್ತಿದ್ದದ್ದು ಟಕ್ ಅನ್ನುತ್ತದೆ,
ಪಕ್ಕದ ಮನೆಯವರು ಅಗಳಿ ಹಾಕಿಕೊಂಡಂತೆ.
ಹನ್ನೆರಡನೆಯದರ ಹೊತ್ತಿಗೆ
ಮೀನು ಮಾರುವ ಹೆಂಗಸರು ಬೋಗುಣಿ ತೊಳೆದು ಮನೆಗೆ ಹೊರಟಿದ್ದರು.

ಮೇಷ್ಟ್ರ ಕಣ್ಣಿಗೆ ಪೊರೆ. ಹೆಬ್ಬೆರಳ ಉಗುರನ್ನು
ಅಂಚಿನುದ್ದ ಎಳೆಯುತ್ತ ಹೋದರು, ಹಾಡು ನೆನಪಿಸಿಕೊಳ್ಳುವವರಂತೆ.
ಹದಿನೇಳರಲ್ಲಿ ನಿಂತರು.
"ಇಲ್ಲಿ ಅವಸರ ಮಾಡಿದೆ."
ನಿಜ. ಹಸಿವಾಗಿತ್ತು.
ಅದೊಂದನ್ನು ಮತ್ತೆ ಕಿತ್ತೆ.

ಗುರುವಾರ ಟೋಯ್ ಬಂದ, ಬಾಗಿಲಲ್ಲೇ ನಿಂತು
ಮೇಲಿನಿಂದ ಕೆಳಗೆ ಬೆರಳು ಜಾರಿಸಿದ, ಎರಡು ಸಲ.
ನುಡಿಸಲಿಲ್ಲ. ಕೈ ನೋಡಿಕೊಂಡ.
"ಹ್ಞೂಂ," ಅಂದ.
ಅರ್ಧ ದುಡ್ಡು, ಉಳಿದರ್ಧಕ್ಕೆ ಉಪ್ಪು ಹಾಕಿದ ಟ್ಯೂನಾ,
ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದು.

ರಾತ್ರಿ ಗುಡಿಸುವಾಗ, ಕತ್ತರಿಸಿ ಬಿದ್ದ ತಂತಿತುದಿಗಳನ್ನು
ಎಣಿಸಿಯೇ ಹೆಕ್ಕಿದ್ದೆ, ನಲವತ್ತು.
ಆದರೂ ಒಂದು, ಮೊದಲ ಸಲದ್ದೇ ಇರಬೇಕು,
ಚಪ್ಪಲಿ ದಾಟಿ ಹಿಮ್ಮಡಿಗೆ ನಾಟಿತು.