ಹಗ್ಗದವನ ಚಹಾ

ಕರಾಕೋಯ್‌ನಿಂದ ಕಾಡಿಕೋಯ್‌ಗೆ, ಅಲ್ಲಿಂದ ಮತ್ತೆ ಇತ್ತ,
ಇಪ್ಪತ್ತು ನಿಮಿಷದ ನೀರು.
ಈ ಹಡಗಿನಲ್ಲಿ ಚಹಾ ಮಾರುವವನು ನಾನು.
ಮುಖಗಳು ನೆನಪಿರುವುದಿಲ್ಲ ನನಗೆ,
ಸಕ್ಕರೆ ನೆನಪಿರುತ್ತದೆ:
ಒಂದು ಬಿಲ್ಲೆಯವರು, ಎರಡರವರು, ಬೇಡದವರು.

ರುಕ್ನೆತ್ತಿನ್ ಎಂದರೆ ಮೂರು.
ದಡಕ್ಕೆ ಹಗ್ಗ ಎಸೆದು ಹಡಗು ಕಟ್ಟುವವನು.
ದಿನಕ್ಕೆ ಹದಿನಾಲ್ಕು ಲೋಟ;
ನಡು ಸಣ್ಣಗಿನ ಗಾಜಿನ ಲೋಟ ಅವನ ಅಂಗೈಯಲ್ಲಿ
ಕೂಸಿನ ಹಾಗೆ ಅಡಗಿ ಕೂರುತ್ತಿತ್ತು.
ಜೊತೆಗೆ ಎಳ್ಳು ಮೆತ್ತಿದ ಸಿಮಿತ್ ಬಳೆ, ಎರಡು.
ಮೂರನೆಯದು ಕಡಲಹಕ್ಕಿಗೆಂದು ಕೊಳ್ಳುತ್ತಿದ್ದ,
ಹಕ್ಕಿಗೆ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ.

ಹಿಂದೊಮ್ಮೆ ಹಟ ಹಿಡಿದಿದ್ದ.
ಮಗಳ ಮದುವೆಯ ಕೋಟಿಗಾಗಿ
ನಲವತ್ತು ದಿನ ಬರೀ ಎಲೆಕೋಸಿನ ಸಾರು.
ಹನ್ನೊಂದು ಕಿಲೋ ಹೋಯಿತು;
ಫೋಟೋದಲ್ಲಿ ಸಿಡುಕು ಮೋರೆಯ ಯಾರೋ ನಿಂತಿದ್ದಾನೆ.
ಹಿಮ ಬೀಳುವ ಹೊತ್ತಿಗೆ ಹದಿಮೂರು ಮರಳಿ ಬಂತು,
ಕಳಿಸಿಕೊಟ್ಟ ನೆಂಟರು ಇನ್ನಿಬ್ಬರನ್ನು ಕರೆತಂದ ಹಾಗೆ.
ಕೋಟು ಅಳಿಯನ ತಮ್ಮನ ಪಾಲಾಯಿತು.
ಆ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಆ ಕವಾಯತು.
ವರ್ಷಕ್ಕೊಮ್ಮೆ ಸಿಬ್ಬಂದಿಯೆಲ್ಲ
ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ನಿಲ್ಲಬೇಕು.
ಅವನ ಪಟ್ಟಿ ಕೊಂಡಿಯವರೆಗೆ ಬರಲಿಲ್ಲ.
ತಪಾಸಣೆಯ ಹುಡುಗಿ ನಗಲಿಲ್ಲ.
‘ದೊಡ್ಡದು ತರಿಸೋಣ ಅಣ್ಣ’ ಅಂದಳು, ಮೆಲ್ಲಗೆ.
ನಕ್ಕಿದ್ದರೆ ಚೆನ್ನಾಗಿತ್ತು.

ಆ ಸಂಜೆ ಲೋಟ ಮುಂದಿಟ್ಟೆ, ಮೂರು ಬಿಲ್ಲೆ ಸಮೇತ.
ಒಂದನ್ನು ನನ್ನ ತಟ್ಟೆಗೆ ಹಿಂದಿರುಗಿಸಿದ.
ಅಷ್ಟೇ.
ಆಣೆಯಿಲ್ಲ, ಪ್ರಮಾಣವಿಲ್ಲ, ಎಲೆಕೋಸಿಲ್ಲ.

ಎರಡು ಬಿಲ್ಲೆಯ ಮೇಲೆ ಚಳಿಗಾಲವಿಡೀ ನಿಂತ.
ಒಂದಕ್ಕೆ ಇಳಿದದ್ದು
ದಡದ ಎರ್ಗುವಾನ್ ಮರಗಳು ನೇರಳೆಗೆಂಪು ಕಾರಿದಾಗ.
ಸಿಮಿತ್ ಒಂದಾಯಿತು, ಆಮೇಲೆ ಅರ್ಧ.
ಉಳಿದರ್ಧ ಈಗ ನಿಜಕ್ಕೂ ಹಕ್ಕಿಗೆ.
ಎರಡು ನಿಲ್ದಾಣ ಮೊದಲೇ ಬಸ್ಸಿಳಿದು
ಮನೆಯ ಏರು ಹತ್ತತೊಡಗಿದ;
ತಿರುವಿಗೊಂದು ಬೆಕ್ಕನ್ನು ನಿಂತು ಮಾತಾಡಿಸುತ್ತಿದ್ದನಂತೆ,
ಏದುಸಿರಿಗೆ ಒಂದು ನೆಪ ಬೇಕಲ್ಲ.
ಹೆಂಡತಿ ನೆಜಹತ್ ಪಿಲಾವ್ ಪಾತ್ರೆಯನ್ನು
ಮೇಜಿಗೆ ತರುವುದು ಬಿಟ್ಟು ಒಲೆಯ ಮೇಲೇ ಉಳಿಸಿದಳು.
‘ಎದ್ದು ಹೋಗಿ ಬಡಿಸಿಕೊಳ್ಳಲು ಸೋಮಾರಿ ಅವರು.
ಸೋಮಾರಿತನವೂ ಒಮ್ಮೊಮ್ಮೆ ಮದ್ದು.’

ಯಾರೂ ಗಮನಿಸಲಿಲ್ಲ.
ಹನಿ ಕೂಡಿ ಹಳ್ಳವಾಗುವುದನ್ನು ಊರೆಲ್ಲ ಹೇಳುತ್ತದೆ;
ಹಳ್ಳ ಹನಿಹನಿಯಾಗಿ ಇಳಿಯುವಾಗ
ದಂಡೆಯಲ್ಲಿ ನಿಂತು ನೋಡುವವರಿಲ್ಲ.
ತೂಕದ ಮುಳ್ಳಂತೂ ಒಂದಿಡೀ ಬೇಸಿಗೆ
ಅಲುಗದೆ ಮುನಿಸಿಕೊಂಡಿತ್ತು.

ಹಬ್ಬದ ದಿನ ಬಕ್ಲಾವ ತಿಂದ, ಐದು ತುಂಡು,
ಕಣ್ಣು ಮುಚ್ಚಿ, ಬೆರಳು ನೆಕ್ಕಿ.
ಮುಗಿಯಿತು ಇವನ ಕಥೆ, ಅಂದುಕೊಂಡೆ.
ರಜೆ ಕಳೆದ ಬೆಳಗ್ಗೆ ಬಂದ:
ಒಂದು ಬಿಲ್ಲೆ, ಅರ್ಧ ಸಿಮಿತ್.
ತಡೆಯಲಾಗಲಿಲ್ಲ, ಕೇಳಿಯೇ ಬಿಟ್ಟೆ: ಹೇಗೆ ಮಾರಾಯ?

ಕೈಯಲ್ಲಿದ್ದ ಹಗ್ಗ ನೋಡಿಕೊಂಡ.
‘ಬೆಳಗ್ಗೆ ಕಟ್ಟಿದೆನೆಂದು ಸಂಜೆಗೆ ನಿಲ್ಲುತ್ತದೇನು ಹಡಗು?
ದಡ ಬಂದಾಗಲೆಲ್ಲ ಎಸೆಯಬೇಕು.
ತಪ್ಪಿತೋ, ಹಗ್ಗ ಒದ್ದೆಯಾಗುತ್ತದೆ.
ಎಳೆದುಕೊಂಡು ಇನ್ನೊಮ್ಮೆ.’

ಮೂರು ವರ್ಷದ ಮೇಲೆ, ಕವಾಯತಿನಲ್ಲಿ,
ಹಳೆಯ ಜಾಕೆಟ್ಟನ್ನೇ ತೆಗೆದ.
ಕೊಂಡಿ ಟಕ್ಕೆಂದಿತು.
ಹುಡುಗಿಗೆ ಏನೂ ನೆನಪಿರಲಿಲ್ಲ,
ಗುರುತು ಹಾಕಿ ಮುಂದಿನವನತ್ತ ನಡೆದಳು.
ಅವನು ಬಿಚ್ಚಿದ, ಹಾಕಿದ,
ಆ ಸದ್ದಿಗೆಂದೇ ಮತ್ತೆ ಬಿಚ್ಚಿದ.

ಆ ರಾತ್ರಿ ಕೊನೆಯ ಹಡಗಿನಲ್ಲಿ
ಖಾಲಿ ಲೋಟಗಳ ಲೆಕ್ಕ ಮುಗಿಸಿ
ಹೊಟ್ಟೆಯ ಮೇಲೆ ತಟ್ಟೆ ಆನಿಸಿಕೊಂಡು ಕೂತೆ.
ಇಷ್ಟು ವರ್ಷ ಊರಿನ ಸಕ್ಕರೆಯೆಲ್ಲ ಎಣಿಸಿದವನು
ನನ್ನ ಲೋಟಕ್ಕೆ ಎಷ್ಟು ಹಾಕುತ್ತೇನೆಂದು
ಒಮ್ಮೆಯೂ ನೋಡಿರಲಿಲ್ಲ.