ಬಿಡಿ

ಬೈತಖೋಲ ಬಂದರದ ಗೇಟಿನೆದುರು ನನ್ನ ಗೂಡಂಗಡಿ.
ಮೇಲೆ ತಗಡು, ಕೆಳಗೆ ನಾಲ್ಕು ಗಾಲಿ, ಗಾಲಿಗೆ ಕಲ್ಲು.
ಮಂಗಳವಾರ ಮಂಗಳವಾರ ಕಂಪನಿಯ ಹುಡುಗ ಪ್ರೀತೇಶ ಬರುತ್ತಾನೆ,
ಹೆಲ್ಮೆಟ್ಟು ಸೋಡಾ ಕ್ರೇಟಿನ ಮೇಲಿಟ್ಟು
ಟ್ಯಾಬಿನ ಗಾಜು ಅಂಗಿಗೆ ಒರೆಸಿ ತೋರಿಸುತ್ತಾನೆ:
"ನೋಡಿ ಅಕ್ಕ, ನಿಮ್ಮ ಅಂಗಡಿ."

ನನ್ನ ಅಂಗಡಿ ಒಂದು ನೀಲಿ ಗೆರೆ.
ಎಪ್ರಿಲಿನಲ್ಲಿ ದೇವಗಡದ ದೀಪಸ್ತಂಭದಷ್ಟು ಎತ್ತರ,
ಜೂನಿಗೆ ಜಾರು,
ಆಗಸ್ಟಿಗೆ ಮತ್ತೆ ಏರಬೇಕಿತ್ತು, ಏರಿಲ್ಲ.
"ಯಾಕಕ್ಕ?"
ಉತ್ತರಕ್ಕೆ ಕಾಯುವುದಿಲ್ಲ, ಉತ್ತರ ಅವನ ಚೀಲದಲ್ಲೇ ಇದೆ:
ಹತ್ತು ಪ್ಯಾಕು ತೆಗೆದರೆ ಒಂದು ಪುಕ್ಕಟೆ,
ಇಪ್ಪತ್ತಕ್ಕೆ ಮೂರು, ಮೇಲೊಂದು ಗೋಡೆ ಗಡಿಯಾರ.
ನನ್ನ ಮನೆಯಲ್ಲೀಗ ಐದು ಗಡಿಯಾರ,
ಐದರಲ್ಲೂ ಬೇರೆ ಬೇರೆ ಹೊತ್ತು.

ನನ್ನ ಲೆಕ್ಕ ಮಗಳ ಹಳೇ ಭೂಗೋಳದ ನೋಟುಬುಕ್ಕಿನಲ್ಲಿ,
ಅವಳು ನಕ್ಷೆ ಬಿಡಿಸದೇ ಬಿಟ್ಟ ಪುಟಗಳಲ್ಲಿ.
ಬಜೆಟ್ಟಿನ ಹಿಂದಿನ ವಾರ ಸಗಟಿನವರ ಹತ್ತಿರ ಮಾಲೇ ಇರುವುದಿಲ್ಲ,
ಮರುದಿನ ಎಲ್ಲಿಂದಲೋ ಅದೇ ಮಾಲು,
ಹಳೇ ತಾರೀಕು, ಹೊಸ ರೇಟು.
ಆಗ ಉದ್ದದ್ದು ಸೇದುವವ ಗಿಡ್ಡದ್ದಕ್ಕೆ ಇಳಿಯುತ್ತಾನೆ,
ಗಿಡ್ಡದ್ದರವ ಬೀಡಿಗೆ,
ಬೀಡಿಯವ ಪಕ್ಕದವನ ಕೈ ನೋಡುತ್ತಾನೆ.
ಮಾಜಾಳಿ ಗೇಟಿನಾಚೆ ಅಗ್ಗ ಎಂದವನು
ಬಸ್ಸಿನ ಚಾರ್ಜು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಬಿಡಿ ಮಾರುವುದಿಲ್ಲ ಎಂಬ ಬೋರ್ಡು ನಾನೇ ಹಾಕಿದ್ದೇನೆ,
ಅದರ ಮೊಳೆಗೇ ಲೈಟರಿನ ದಾರ ಕಟ್ಟಿದ್ದೇನೆ.

ಜೂನಿನಲ್ಲಿ ಬೋಟುಗಳು ದಡಕ್ಕೆ, ಗಂಡಸರು ಬಲೆ ರಿಪೇರಿಗೆ.
ನಾಲ್ಕು ಕಡ್ಡಿ ಒಯ್ದವನ ಹೆಸರಿಗೆ ಮೂರು ಬರೆಯುತ್ತೇನೆ.
ಈ ಡಿಸ್ಕೌಂಟು ಟ್ಯಾಬಿನಲ್ಲಿ ಕಾಣುವುದಿಲ್ಲ.

ಸಿಗಾರಿನದೊಂದು ಪೆಟ್ಟಿಗೆಯೂ ಇತ್ತು. ಮರದ್ದು, ಹಿತ್ತಾಳೆಯ ಕೊಂಡಿ.
ನೌಕಾನೆಲೆಯ ಸಾಹೇಬರು ಬರುತ್ತಾರೆ, ಟೂರಿಸ್ಟರು ಬರುತ್ತಾರೆ ಎಂದು
ಪ್ರೀತೇಶನಿಗಿಂತ ಹಿಂದಿನ ಹುಡುಗ ಇಟ್ಟುಹೋದದ್ದು.
ಒಂದಕ್ಕೆ ನಾನೂರೈವತ್ತು.
ಮುನ್ನೂರು.
ಚೀಟಿಯ ಮೇಲೆ ಚೀಟಿ ಅಂಟಿಸಿ ನೂರಾ ಎಂಬತ್ತು.
ಮೂರು ಮಳೆಗಾಲದ ಉಪ್ಪುಗಾಳಿಗೆ ಎಲೆ ಬಿರಿದು
ಒಣ ಬಂಗಡೆಯ ಬಣ್ಣ ಬಂತು.
ಕಡೆಗೆ ಇಂಜಿನ್ ಬಿಚ್ಚುವ ಇನಾಸ ಎಪ್ಪತ್ತಕ್ಕೆ ಒಂದು ಕೊಂಡು,
ಮೂರು ದಮ್ಮು ಎಳೆದು, ತಿರುಗಿ ತಂದ:
"ಇದಕ್ಕಿಂತ ಡೀಸೆಲ್ ಹೊಗೆ ಮೇಲು."
ಹಣ ಕೇಳಲಿಲ್ಲ, ತೋರಿಸಿದನಷ್ಟೆ.

ಆಗಸ್ಟಿನಲ್ಲಿ ಗೆರೆ ಯಾಕೆ ಏರಲಿಲ್ಲ
ಎಂಬುದು ಹತ್ತೊಂಬತ್ತನೇ ಪುಟದಲ್ಲಿದೆ. ತುಕಾರಾಮ ದುರ್ಗೇಕರ.
ಬೋಟಿನ ತಾಂಡೇಲ. ದಿನಕ್ಕೆ ಎರಡು ಪ್ಯಾಕು.
ಅವನು ಹಚ್ಚಿದರೆ ಬೋಟಿನ ಏಳೂ ಜನ ಹಚ್ಚುತ್ತಿದ್ದರು.
ಜುಲೈಯಲ್ಲಿ ಮಣಿಪಾಲಕ್ಕೆ ಹೋಗಿ ಬಂದ.
ಅಲ್ಲಿ ಏನೆಂದರು, ನಾನು ಕೇಳಿಲ್ಲ.
ಬಂದವನು ಕೌಂಟರಿಗೆ ಕೈಯೂರಿ ನಿಂತ.
ಬಾಯಿ ಅಭ್ಯಾಸ,
"ಪ್ಯಾಕೋ, ಬಿಡಿಯೋ?" ಎಂದೆ.
"ಬಿಡಿ," ಎಂದ.
ಒಂದು ಕಡ್ಡಿ ತೆಗೆದಿಟ್ಟೆ. ಮುಟ್ಟಲಿಲ್ಲ.
ನನಗೆ ತಿಳಿಯುವಷ್ಟರಲ್ಲಿ
ಅವನು ಪೆಪ್ಪರಮಿಂಟಿನ ಡಬ್ಬಿಗೆ ಬೆರಳು ತೋರಿಸುತ್ತಿದ್ದ.
ಕಡ್ಡಿಯನ್ನು ಮತ್ತೆ ಪ್ಯಾಕಿಗೆ ತೂರಿಸಹೋದೆ, ತುದಿ ಮುರಿಯಿತು.

ಇದನ್ನು ಪ್ರೀತೇಶನ ಟ್ಯಾಬಿಗೆ ಹೇಗೆ ತುಂಬಿಸುವುದು?
ಅದರಲ್ಲಿ ಕಾರಣ ನಾಲ್ಕೇ:
ಬೆಲೆ, ಮಳೆ, ಬೇರೆ ಬ್ರಾಂಡು, ಇತರೆ.
"ಇತರೆ ಒತ್ತು ಮಾರಾಯ," ಎಂದೆ.
ಒತ್ತಿದ.
ಮರುವಾರ ಇತರೆಗೂ ಒಂದು ಸ್ಕೀಮು ಬಂತು:
ಹತ್ತಕ್ಕೆ ಎರಡು.

ಸಿಗಾರಿನ ಪೆಟ್ಟಿಗೆಯಲ್ಲೀಗ ಚಿಲ್ಲರೆ ಹಾಕಿಡುತ್ತೇನೆ.
ತುಕಾರಾಮ ಪೆಪ್ಪರಮಿಂಟಿಗೆ ಐದರ ನಾಣ್ಯ ಕೊಡುತ್ತಾನೆ,
ತಿರುಗಿ ಕೊಡುವ ರೂಪಾಯಿಗಳಿಗೆ
ಸಿಹಿ ಹೊಗೆಸೊಪ್ಪಿನ ವಾಸನೆ.
ಅವನು ಎಣಿಸುವುದಿಲ್ಲ.
ಮುಷ್ಟಿಯನ್ನು ಮೂಗಿನ ತನಕ ಒಯ್ದು
ಒಂದು ಗಳಿಗೆ ನಿಂತು
ಜೇಬಿಗೆ ಹಾಕಿಕೊಂಡು ಜೆಟ್ಟಿಯ ಕಡೆ ನಡೆಯುತ್ತಾನೆ.